ಕಾರಣ ಕೇಳಿದರೆ ಹಿಂಬರಹ, ಕಡತ ಕೇಳಿದರೆ ಮಾಹಿತಿ

ಮಾಹಿತಿ ಹಕ್ಕು ಕಾಯ್ದೆಯ ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಬರೆದವರ ಹೆಸರನ್ನೂ ಅವರು ಪ್ರಸ್ತಾಪಿಸಿದ ಕಚೇರಿಗಳ ಹೆಸರನ್ನೂ ಬಿಟ್ಟು ಪ್ರಶ್ನೆಯ ತಿರುಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರಿನ ಬೀದಿಗೆ ಹಾಕಿದ ಸಿ.ಸಿ. ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ಕಾಮಗಾರಿ ಕಳಪೆಯಾಗಲು ಕಾರಣವೇನು, ಹೊಣೆ ಯಾರು, ಗುತ್ತಿಗೆದಾರರ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸಿದೆ. ಅರ್ಜಿಯು ಪ್ರಶ್ನಾವಳಿಯ ರೂಪದಲ್ಲಿರುವುದರಿಂದ ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ ಎಂಬ ಹಿಂಬರಹ ಕೈಸೇರಿದೆ. ಇದು ಸರಿಯೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಕಾನೂನಿನ ಅಕ್ಷರವನ್ನು ಹಿಡಿದರೆ ಹಿಂಬರಹ ಬಹುಮಟ್ಟಿಗೆ ಸರಿ; ಕಾನೂನಿನ ಆಶಯವನ್ನು ನೋಡಿದರೆ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಎಫ್) ಪ್ರಕಾರ ಮಾಹಿತಿ ಎಂದರೆ ಕಚೇರಿಯ ಬಳಿ ಈಗಾಗಲೇ ಇರುವ ದಾಖಲೆ, ಆದೇಶ, ಅಭಿಪ್ರಾಯ, ಸುತ್ತೋಲೆ, ವರದಿ, ಮಾದರಿ ಮುಂತಾದವು. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡುವ ಅಥವಾ ಅರ್ಜಿದಾರರಿಗಾಗಿ ಅಭಿಪ್ರಾಯ ರೂಪಿಸಿ ಹೇಳುವ ಬಾಧ್ಯತೆ ಅಧಿಕಾರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಏಕೆ’ ಎಂಬ ಪ್ರಶ್ನೆಗೆ ಸಮಜಾಯಿಷಿ ಕೊಡುವುದು ಮಾಹಿತಿಯ ವ್ಯಾಖ್ಯೆಗೆ ಸೇರುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿತ್ತು. ಆದರೆ ಅರ್ಜಿದಾರರಿಗೆ ಯುಕ್ತ ನೆರವು ನೀಡುವುದು ಸಾರ್ವಜನಿಕ ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಇದೇ ಕಾಯ್ದೆಯ ಕಲಂ 5(3) ವಿಧಿಸಿದೆ. ನಿಮ್ಮನ್ನು ಕೂರಿಸಿಕೊಂಡು ‘ಇಂಥಿಂಥ ಕಾಗದ ಕೇಳಿ’ ಎಂದು ಹೇಳಬೇಕಾಗಿದ್ದವರು ಹಿಂಬರಹ ಬರೆದು ಕೈತೊಳೆದುಕೊಂಡಿದ್ದಾರೆ.

ನೀವು ಕೇಳಿದ ಮೂರು ಪ್ರಶ್ನೆಗಳಿಗೂ ಕಚೇರಿಯ ಕಪಾಟಿನಲ್ಲಿ ಉತ್ತರವಿದೆ. ಅದು ಇರುವ ಕಾಗದದ ಹೆಸರು ಹಿಡಿದು ಕೇಳಬೇಕಷ್ಟೆ. ಹೊಸ ಅರ್ಜಿಯಲ್ಲಿ ಹೀಗೆ ಬರೆಯಿರಿ: “ಇಂಥ ಆರ್ಥಿಕ ಸಾಲಿನಲ್ಲಿ ಇಂಥ ಬೀದಿಯಲ್ಲಿ ನಿರ್ಮಿಸಿದ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಪಾವತಿಸಿದ ಬಿಲ್ಲುಗಳು ಹಾಗೂ ಗುತ್ತಿಗೆದಾರರಿಗೆ ನೀಡಿದ ನೋಟಿಸುಗಳು, ಇವುಗಳ ದೃಢೀಕೃತ ನಕಲು ಒದಗಿಸುವುದು.” ಕಳಪೆ ಏಕೆ ಎಂಬುದಕ್ಕೆ ಅಂದಾಜು ಪಟ್ಟಿಯೂ ಅಳತೆ ಪುಸ್ತಕವೂ ಒಟ್ಟಾಗಿ ಉತ್ತರ ಹೇಳುತ್ತವೆ. ಎಂಜಿನಿಯರುಗಳು ಎಂ.ಬಿ. ಎಂದು ಕರೆಯುವ ಆ ಪುಸ್ತಕದಲ್ಲಿ ರಸ್ತೆಯ ಉದ್ದ, ಅಗಲ, ದಪ್ಪ, ಅಳತೆ ತೆಗೆದ ದಿನಾಂಕ ಹಾಗೂ ತೆಗೆದವರ ಸಹಿ ಇರುತ್ತವೆ. ಬಿಲ್ಲು ಪಾಸಾಗುವುದು ಆ ಅಂಕಿಗಳ ಮೇಲೆಯೇ. ನಕಲು ಬಂದ ಮೇಲೆ ನಾಲ್ಕು ಜನರೆದುರು ಟೇಪು ಹಿಡಿದು ರಸ್ತೆಯನ್ನು ಅಳೆದರೆ ಪುಸ್ತಕದ ದಪ್ಪಕ್ಕೂ ಬೀದಿಯ ದಪ್ಪಕ್ಕೂ ಇರುವ ಅಂತರ ತಾನಾಗಿ ಗೊತ್ತಾಗುತ್ತದೆ. ಹೊಣೆ ಯಾರೆಂಬುದಕ್ಕೆ ಆ ಸಹಿಗಳೇ ಉತ್ತರ. ಕ್ರಮ ಏಕಿಲ್ಲ ಎಂಬುದಕ್ಕೆ, ಕರಾರು ಪತ್ರದಲ್ಲಿ ದೋಷ ಸರಿಪಡಿಸಿಕೊಡುವ ಅವಧಿಯ ಷರತ್ತು ಇದೆಯೇ, ಇದ್ದರೆ ಆ ಅವಧಿಯಲ್ಲಿ ನೋಟಿಸು ಹೋಗಿದೆಯೇ ಎಂದು ನೋಡಿ. ‘ನೋಟಿಸು ನೀಡಿರುವ ದಾಖಲೆ ಈ ಕಚೇರಿಯಲ್ಲಿ ಇರುವುದಿಲ್ಲ’ ಎಂಬ ಒಂದು ಸಾಲಿನ ಲಿಖಿತ ಉತ್ತರ ಬಂದರೂ ಅದನ್ನು ಜೋಪಾನವಾಗಿಡಿ. ದೂರು ಕೊಡುವಾಗ ಬೇಕಾಗುವುದು ಅಂಥದೇ ಸಾಲು.

ಅಳತೆ ಪುಸ್ತಕ ತಮ್ಮಲ್ಲಿಲ್ಲ, ಎಂಜಿನಿಯರಿಂಗ್ ಉಪವಿಭಾಗದಲ್ಲಿದೆ ಎಂದು ಪಂಚಾಯಿತಿಯವರು ಹೇಳಬಹುದು. ಹಾಗಿದ್ದರೆ ಕಲಂ 6(3)ರಂತೆ ಅರ್ಜಿಯ ಆ ಭಾಗವನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕಾದವರು ಅವರೇ ಹೊರತು ಅಲೆದಾಡಬೇಕಾದವರು ನೀವಲ್ಲ. ಕರ್ನಾಟಕದ ನಿಯಮಗಳ ಒಂದು ಷರತ್ತನ್ನೂ ಗಮನದಲ್ಲಿಡಿ. 2008ರ ತಿದ್ದುಪಡಿಯಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಈ ಮಿತಿ 500 ಪದ. ರಸ್ತೆಯ ಜೊತೆಗೆ ಚರಂಡಿ, ಬೀದಿ ದೀಪ, ಕುಡಿಯುವ ನೀರನ್ನೂ ಸೇರಿಸಿದರೆ ಮೊದಲ ವಿಷಯಕ್ಕಷ್ಟೇ ಉತ್ತರಿಸಿ ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಲು ಅಧಿಕಾರಿಗೆ ಅವಕಾಶವಿದೆ. ಅರ್ಜಿ ಶುಲ್ಕದ ಹತ್ತು ರೂಪಾಯಿ ಉಳಿಸಲು ಹೋಗಿ ಒಂದು ತಿಂಗಳು ಕಳೆದುಕೊಳ್ಳಬೇಡಿ.

ಕಾಗದವನ್ನು ಊರಿನೆದುರು ತಂದು ಓದುವ ಈ ಕ್ರಮವೇ ಕಾಯ್ದೆಯನ್ನು ಹುಟ್ಟಿಸಿದ್ದು. ರಾಜಸ್ಥಾನದಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನ್‌ವಾಯಿ, ಅಂದರೆ ಊರವರೆದುರಿನ ಬಹಿರಂಗ ವಿಚಾರಣೆ ನಡೆಸಿ, ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಗ್ರಾಮಸ್ಥರ ಮುಂದೆ ಗಟ್ಟಿಯಾಗಿ ಓದಿಸಿತು. ಕಡತದಲ್ಲಿ ಮುಗಿದಿದ್ದ ಕೆಲಸ ಊರಿನಲ್ಲಿ ಮುಗಿದಿರಲಿಲ್ಲವೆಂದು ಹೇಳಲು ಅಲ್ಲಿದ್ದವರಿಗೆ ಯಾವ ತಜ್ಞರ ಸಹಾಯವೂ ಬೇಕಾಗಲಿಲ್ಲ. ನಿಮ್ಮ ಗ್ರಾಮಸಭೆಯಲ್ಲಿಯೂ ಅಳತೆ ಪುಸ್ತಕದ ಆ ಎರಡು ಪುಟಗಳನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಶ್ನೆ: ನಿವೇಶನ ಬಡಾವಣೆಯೊಂದರ ಅನುಮೋದನೆಯ ಪೂರ್ಣ ಕಡತ ಕೇಳಿದ್ದೆ. 1,460 ಪುಟಗಳಿದ್ದು 2,920 ರೂಪಾಯಿ ಕಟ್ಟಬೇಕೆಂದು ಪತ್ರ ಬಂದಿದೆ. ನನಗೆ ಅಷ್ಟು ಶಕ್ತಿ ಇಲ್ಲ.
— ನಿವೃತ್ತ ನೌಕರರು, ತುಮಕೂರು ಜಿಲ್ಲೆ

ಉತ್ತರ: ಪುಟಕ್ಕೆ ಎರಡು ರೂಪಾಯಿ ಎಂಬುದು ನಿಯಮದ ದರವೇ ಆದ್ದರಿಂದ ಲೆಕ್ಕದಲ್ಲಿ ತಪ್ಪಿಲ್ಲ. ನೀವು ಕೇಳಬೇಕಾಗಿದ್ದುದು ನಕಲನ್ನಲ್ಲ, ಕಡತ ಪರಿಶೀಲನೆಯನ್ನು. ಕಲಂ 2(ಜೆ) ಪ್ರಕಾರ ಮಾಹಿತಿ ಹಕ್ಕಿನಲ್ಲಿ ಕಡತವನ್ನೂ ಕಾಮಗಾರಿಯನ್ನೂ ಖುದ್ದಾಗಿ ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ಬೇಕಾದ ಭಾಗದ ದೃಢೀಕೃತ ನಕಲು ಪಡೆಯುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತೆಗೆದುಕೊಳ್ಳುವುದು ಇವೆಲ್ಲವೂ ಸೇರಿವೆ. ನನ್ನ ಅನುಭವದಲ್ಲಿ ಈ ಕಾಯ್ದೆಯ ಅತ್ಯಂತ ಬಲವಾದ, ಅತ್ಯಂತ ಕಡಿಮೆ ಬಳಕೆಯಾಗುವ ಭಾಗ ಇದು. ಕಡತವನ್ನು ಎದುರಿಗಿಟ್ಟುಕೊಂಡು ಕುಳಿತರೆ, ನಕಲು ಕೇಳುವಾಗ ಹೆಸರಿಸಲು ತೋಚದೇ ಇದ್ದ ಕಾಗದಗಳು ಕಣ್ಣಿಗೆ ಬೀಳುತ್ತವೆ. ಮುಖ್ಯವಾಗಿ ಟಿಪ್ಪಣಿ ಹಾಳೆಗಳನ್ನು ಓದಿ. ವಿಷಯ ನಿರ್ವಾಹಕರು ಮೊದಲು ಏನು ಬರೆದರು, ಆಕ್ಷೇಪ ಎತ್ತಿದವರು ಯಾರು, ಆ ಆಕ್ಷೇಪವನ್ನು ಬದಿಗಿರಿಸಿ ಸಹಿ ಮಾಡಿದವರು ಯಾರು ಎಂಬುದೆಲ್ಲ ಇರುವುದು ಆ ಹಾಳೆಗಳಲ್ಲೇ. ಅಂತಿಮ ಆದೇಶದಲ್ಲಿ ಇವುಗಳ ಸುಳಿವೂ ಇರುವುದಿಲ್ಲ. ಟಿಪ್ಪಣಿ ಹಾಳೆಗಳೂ ಮಾಹಿತಿಯೇ ಎಂದು ಕೇಂದ್ರ ಮಾಹಿತಿ ಆಯೋಗವು 2006ರಲ್ಲೇ ತೀರ್ಮಾನಿಸಿದೆ.

ಆದ್ದರಿಂದ ಹಣ ಕಟ್ಟದೆ, ಕಡತ ಪರಿಶೀಲನೆಗೆ ದಿನ ಹಾಗೂ ಸಮಯ ನಿಗದಿಪಡಿಸಬೇಕೆಂದು ಲಿಖಿತವಾಗಿ ಕೇಳಿಕೊಳ್ಳಿ. ನೋಡಿದ ಮೇಲೆ ಬೇಕೆನಿಸಿದ ಪುಟಗಳ ಸಂಖ್ಯೆ ಬರೆದುಕೊಟ್ಟು ಅಷ್ಟಕ್ಕೆ ಮಾತ್ರ ಶುಲ್ಕ ಪಾವತಿಸಿ. ಶುಲ್ಕದ ಪತ್ರ ಕಳುಹಿಸಿದ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ, ಮಾಹಿತಿ ಕೊಡಬೇಕಾದ 30 ದಿನಗಳ ಗಡುವಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗಡುವು ಮೀರಿದ ಮೇಲೆ ಅಂಥ ಪತ್ರ ಬಂದಿದ್ದರೆ ವಿಷಯವೇ ಬೇರೆ. ಕಲಂ 7(6)ರಂತೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಲಕೋಟೆಯ ಮೇಲಿನ ಅಂಚೆ ಮುದ್ರೆಯ ದಿನಾಂಕವನ್ನು ಒಮ್ಮೆ ನೋಡಿ.

ಪ್ರಶ್ನೆ: ನಾನು ಸದಸ್ಯನಾಗಿರುವ ಪತ್ತಿನ ಸಹಕಾರ ಸಂಘದವರು ಮಾಹಿತಿ ಹಕ್ಕು ತಮಗೆ ಅನ್ವಯಿಸುವುದೇ ಇಲ್ಲ ಎನ್ನುತ್ತಾರೆ.
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಅವರ ಮಾತಿಗೆ ಆಧಾರವಿದೆ. ಸರ್ಕಾರದ ಗಣನೀಯ ಹಣಕಾಸು ನೆರವಾಗಲಿ ಆಳವಾದ ನಿಯಂತ್ರಣವಾಗಲಿ ಇಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರ (ಈ ಕಾಯ್ದೆ ಅನ್ವಯಿಸುವ ಸಂಸ್ಥೆ) ಅಲ್ಲವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಲಂ ಸೇವಾ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಬೇರೆ ಕಾನೂನಿನಡಿ ಸಾರ್ವಜನಿಕ ಪ್ರಾಧಿಕಾರವೊಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಕಾಯ್ದೆಯ ‘ಮಾಹಿತಿ’ಯ ವ್ಯಾಖ್ಯೆಯೊಳಗೆ ಸೇರಿದೆ. ಸಂಘದ ಲೆಕ್ಕಪರಿಶೋಧನಾ ವರದಿ, ವಿಚಾರಣಾ ವರದಿ, ಚುನಾವಣಾ ದಾಖಲೆಗಳನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿ; ಅದು ಸರ್ಕಾರದ ಕಚೇರಿ. ಇತರ ಠೇವಣಿದಾರರ ಖಾತೆಯ ವಿವರ ಅಲ್ಲಿಯೂ ಸಿಗುವುದಿಲ್ಲ, ಸಿಗಲೂಬಾರದು.

ಪ್ರಶ್ನೆ: ವಸತಿ ಯೋಜನೆಯಲ್ಲಿ ಸಹಾಯಧನ ಪಡೆದವರ ಪಟ್ಟಿಯನ್ನೂ ಆಯ್ಕೆಯ ಕಡತವನ್ನೂ ಕೇಳಿದ್ದೆ. ಮೊದಲೆಲ್ಲ ಕೊಡುತ್ತಿದ್ದರು. ಈಗ ‘ಹೊಸ ಕಾನೂನು ಬಂದಿದೆ, ಇದು ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸಿದ್ದಾರೆ.
— ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯೆ, ಮೈಸೂರು ಜಿಲ್ಲೆ

ಉತ್ತರ: ಅವರು ಹೇಳುತ್ತಿರುವ ಹೊಸ ಕಾನೂನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಕಲಂ 44(3) ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ)ಯನ್ನು ಬದಲಿಸಿದ್ದು, ಆ ಬದಲಾವಣೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಬದಲಾದದ್ದು ಏನೆಂದು ನೋಡೋಣ. ಆ ಕಲಮಿನ ಹಿಂದಿನ ಪಾಠದಂತೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೆ ಸಾರ್ವಜನಿಕ ಚಟುವಟಿಕೆಯೊಂದಿಗೆ ಸಂಬಂಧವಿಲ್ಲವೆಂದೋ, ಅದರಿಂದ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯ ಧಕ್ಕೆಯಾಗುತ್ತದೆಂದೋ ತೋರಿಸಬೇಕಿತ್ತು. ಹಾಗಿದ್ದೂ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬೇಕಿತ್ತು. ಸಂಸತ್ತಿಗೋ ರಾಜ್ಯ ಶಾಸಕಾಂಗಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಯಾವುದೇ ವ್ಯಕ್ತಿಗೆ ನಿರಾಕರಿಸುವಂತಿಲ್ಲ ಎಂಬ ಉಪವಾಕ್ಯವೂ ಅಲ್ಲಿತ್ತು. ಈಗ ಉಳಿದಿರುವುದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಎಂಬ ಒಂದೇ ವರ್ಣನೆ. ಸರ್ಕಾರದ ಕಡತದಲ್ಲಿ ಯಾರದಾದರೂ ಹೆಸರಿಲ್ಲದ ಕಾಗದ ಎಷ್ಟಿರುತ್ತದೆ? ಇದು ಹಿಮ್ಮುಖ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಖಾಸಗಿತನದ ರಕ್ಷಣೆಗೆ ಹಳೆಯ ಪಾಠವೇ ಸಾಕಾಗಿತ್ತು. ನೌಕರರೊಬ್ಬರ ಆಸ್ತಿ ವಿವರ, ಅವರಿಗೆ ನೀಡಿದ ಮೆಮೊ ಮುಂತಾದವನ್ನು ವೈಯಕ್ತಿಕ ಮಾಹಿತಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟ್ 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ನಿರಾಕರಣೆಯನ್ನು ಎತ್ತಿಹಿಡಿದದ್ದು ಆ ಹಳೆಯ ಪಾಠದ ಅಡಿಯಲ್ಲೇ.

ಹಾಗೆಂದು ನಿಮ್ಮ ದಾರಿ ಮುಚ್ಚಿಲ್ಲ. ತಿದ್ದುಪಡಿ ಮುಟ್ಟದೆ ಬಿಟ್ಟ ಮೂರು ಉಪಬಂಧಗಳು ನಿಮ್ಮ ಕಡೆಗಿವೆ. ಮೊದಲನೆಯದು ಕಲಂ 4(1)(ಬಿ). ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿ ಪ್ರಕಟಿಸಬೇಕಾದ 17 ಬಾಬುಗಳನ್ನು ಅದು ಪಟ್ಟಿ ಮಾಡುತ್ತದೆ. ಸಹಾಯಧನ ಯೋಜನೆಗಳ ಅನುಷ್ಠಾನದ ರೀತಿ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರ ಅವುಗಳಲ್ಲೊಂದು. ಗೋಡೆಗೆ ಅಂಟಿಸಬೇಕೆಂದು ಕಾನೂನೇ ಹೇಳಿದ ಪಟ್ಟಿಯನ್ನು ಕಪಾಟಿನಲ್ಲಿ ಬಚ್ಚಿಡುವುದು ಹೇಗೆ ಸಾಧ್ಯವೆಂದು ಮೇಲ್ಮನವಿಯಲ್ಲಿ ಕೇಳಿ. ಕರ್ನಾಟಕ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣ ನಿಂತಿರುವುದು ಈ ಕಲಮಿನ ತಳಹದಿಯ ಮೇಲೆಯೇ. ಅರ್ಜಿಗೆ ಮುಂಚೆ ನಿಮ್ಮ ಗ್ರಾಮದ ಹೆಸರು ಹಾಕಿ ಅಲ್ಲಿ ಹುಡುಕಿ, ಸಿಕ್ಕಿದ್ದನ್ನು ಮುದ್ರಿಸಿ ಇಟ್ಟುಕೊಳ್ಳಿ. ಎರಡನೆಯದು ಕಲಂ 8(2). ರಕ್ಷಿತ ಹಿತಾಸಕ್ತಿಗೆ ಆಗುವ ಹಾನಿಗಿಂತ ಬಹಿರಂಗಪಡಿಸುವುದರ ಸಾರ್ವಜನಿಕ ಹಿತ ಹೆಚ್ಚಿದ್ದರೆ, ವಿನಾಯಿತಿ ಇದ್ದರೂ ಮಾಹಿತಿ ನೀಡಲು ಅದು ಅವಕಾಶ ಕೊಡುತ್ತದೆ. ಮೂರನೆಯದು ಕಲಂ 10. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ಮರೆಮಾಚಿ ಉಳಿದದ್ದನ್ನು ಕೊಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾಹಿತಿ ಏಕೆ ಬೇಕೆಂದು ಅರ್ಜಿದಾರರು ಹೇಳಬೇಕಾಗಿಲ್ಲವೆಂದು ಕಲಂ 6(2) ಹೇಳುತ್ತದೆ, ಸಾಮಾನ್ಯವಾಗಿ ಹೇಳದಿರುವುದೇ ಒಳ್ಳೆಯದು. ಆದರೆ 8(2)ನ್ನು ಆಶ್ರಯಿಸುವಾಗ ಸಾರ್ವಜನಿಕ ಹಿತವೇನೆಂದು ನೀವೇ ಬರೆಯಬೇಕು: ಅರ್ಹರನ್ನು ಕೈಬಿಟ್ಟಿರುವ ಶಂಕೆ, ಒಂದೇ ಕುಟುಂಬಕ್ಕೆ ಎರಡು ಮಂಜೂರಾತಿ, ಕಟ್ಟದ ಮನೆಗೆ ಕಂತು ಬಿಡುಗಡೆ, ನಿಮಗೆ ಗೊತ್ತಿರುವುದು ಯಾವುದೋ ಅದನ್ನು ಎರಡು ಮೂರು ಸಾಲಿನಲ್ಲಿ. ಮೇಲ್ಮನವಿಯಲ್ಲಿ ನಿರಾಕರಣೆಯನ್ನು ಸಮರ್ಥಿಸಿಕೊಳ್ಳುವ ಹೊಣೆ ಅಧಿಕಾರಿಯದು ಎಂಬ ಕಲಂ 19(5)ನ್ನೂ ನಮೂದಿಸಿ. ಯಾರ ಹೆಸರು ಪಟ್ಟಿಯಲ್ಲಿದೆ ಎಂಬುದನ್ನು ಕೇಳಿ, ಯಾರ ಮನೆಯೊಳಗೆ ಏನಿದೆ ಎಂಬುದನ್ನು ಕೇಳಬೇಡಿ. ಫಲಾನುಭವಿಗಳ ಕಾಯಿಲೆಯ ಪ್ರಮಾಣಪತ್ರ, ಕೌಟುಂಬಿಕ ವ್ಯಾಜ್ಯದ ಕಾಗದಗಳನ್ನೆಲ್ಲ ಕೇಳುವ ಅರ್ಜಿಗಳನ್ನೂ ನಾನು ನೋಡಿದ್ದೇನೆ. ಹೊಸ ತಿದ್ದುಪಡಿಗೆ ವಾದ ಒದಗಿಸಿದ್ದೇ ಅಂಥ ಅರ್ಜಿಗಳು.

ಪ್ರಶ್ನೆ: ಜಮೀನು ಮಂಜೂರಾತಿಯ ಹಳೆಯ ಕಡತ ಕೇಳಿದರೆ ‘ಕಡತ ಲಭ್ಯವಿಲ್ಲ’ ಎಂಬ ಒಂದೇ ಉತ್ತರ. ಮೊದಲ ಮೇಲ್ಮನವಿ ಸಲ್ಲಿಸಿ ಎರಡು ತಿಂಗಳಾದರೂ ಸುದ್ದಿಯಿಲ್ಲ. ಮಾಹಿತಿ ಆಯೋಗಕ್ಕೆ ದೂರು ಕೊಡಲೇ, ಮೇಲ್ಮನವಿ ಹಾಕಲೇ?
— ರೈತರು, ಕಲಬುರಗಿ ಜಿಲ್ಲೆ

ಉತ್ತರ: ಮೇಲ್ಮನವಿ ಹಾಕಿ. ಕಲಂ 18ರ ದೂರು, ಕಲಂ 19ರ ಮೇಲ್ಮನವಿ ಎರಡೂ ಒಂದೇ ಎಂಬ ತಿಳಿವಳಿಕೆಯಿಂದ ಅನೇಕರು ವರ್ಷ ಕಳೆದುಕೊಂಡಿದ್ದಾರೆ. ದೂರಿನ ಮೇಲೆ ಆಯೋಗ ಅಧಿಕಾರಿಗೆ ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿ ಎಂದು ಆದೇಶಿಸಲಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ನಿಮಗೆ ಬೇಕಿರುವುದು ಕಡತ. ಮೊದಲ ಮೇಲ್ಮನವಿ ಪ್ರಾಧಿಕಾರ 30 ದಿನಗಳಲ್ಲಿ, ಕಾರಣ ಬರೆದಿಟ್ಟು ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕಿತ್ತು. ಆ ಗಡುವು ಮುಗಿದ ದಿನದಿಂದ 90 ದಿನಗಳೊಳಗೆ ಎರಡನೇ ಮೇಲ್ಮನವಿ ಸಲ್ಲಿಸಿ. ಬೆಂಗಳೂರಿನ ಮಾಹಿತಿ ಸೌಧದಲ್ಲಿರುವ ಕರ್ನಾಟಕ ಮಾಹಿತಿ ಆಯೋಗಕ್ಕೆ ಬೆಳಗಾವಿಯಲ್ಲೂ ಕಲಬುರಗಿಯಲ್ಲೂ ಪೀಠಗಳಿರುವುದರಿಂದ ನೀವು ದೂರ ಪ್ರಯಾಣ ಮಾಡಬೇಕಾಗುವುದಿಲ್ಲ.

‘ಲಭ್ಯವಿಲ್ಲ’ ಎಂಬುದು ಕಾಯ್ದೆಯ ಯಾವ ವಿನಾಯಿತಿಯಲ್ಲೂ ಇಲ್ಲ. ಒಮ್ಮೆ ಇದ್ದ ದಾಖಲೆ ಕಾಣೆಯಾದರೆ ಹುಡುಕಿಸಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ನಿಗದಿಪಡಿಸಬೇಕು, ಅಂಥ ವಿಚಾರಣೆಗೆ ಆದೇಶಿಸುವ ಅಧಿಕಾರ ಆಯೋಗಕ್ಕಿದೆ ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಂಬೂರ್ಕರ್ ಪ್ರಕರಣದಲ್ಲಿ ಹೇಳಿದೆ. ದಾಖಲೆಗಳನ್ನು ಕಾಪಾಡುವ ಹೊಣೆ ವಿಧಿಸುವ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ನಮ್ಮ ರಾಜ್ಯದಲ್ಲೇ ಇದೆ. ಮೇಲ್ಮನವಿಯ ಜೊತೆಗೆ ಪ್ರತ್ಯೇಕ ಅರ್ಜಿಯೊಂದನ್ನು ಈಗಲೇ ಹಾಕಿ: ಆ ಕಡತ ಯಾವ ವರ್ಗದ್ದು, ಅಭಿಲೇಖಾಲಯದ ವಹಿಯಲ್ಲಿ ಅದರ ನಮೂದು ಇರುವ ಪುಟ, ಕೊನೆಯದಾಗಿ ಯಾರಿಗೆ ಹೋಯಿತೆಂದು ತೋರಿಸುವ ಚಲನವಲನ ವಹಿಯ ಪುಟ, ನಾಶಪಡಿಸಿದ್ದರೆ ನಾಶಕ್ಕೆ ಅನುಮತಿ ನೀಡಿದ ಆದೇಶ. ಕಾಣೆಯಾಗಿದ್ದ ಎಷ್ಟೋ ಕಡತಗಳು ಈ ಎರಡನೇ ಅರ್ಜಿ ಬಂದ ಮೇಲೆ ಕಪಾಟಿನ ಹಿಂದಿನಿಂದ ಎದ್ದು ಬಂದಿವೆ.

ಆಯೋಗದ ವಿಚಾರಣೆ ಬೇಗ ಬರುತ್ತದೆಂದು ಮಾತ್ರ ನಂಬಿ ಕೂರಬೇಡಿ. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಎಂಬುದು ಕಾಗದದ ಮೇಲೆ ಗಟ್ಟಿಯಾಗಿಯೇ ಇದೆ. ಸರದಿ ಉದ್ದವಾದಷ್ಟೂ ಆ ಗಟ್ಟಿತನ ಸವೆಯುತ್ತದೆ. ಆಯುಕ್ತರಿಗೆ ಕಾಯ್ದೆಯಲ್ಲೇ ಇದ್ದ ಐದು ವರ್ಷಗಳ ಅವಧಿಯನ್ನು 2019ರ ತಿದ್ದುಪಡಿ ಕೇಂದ್ರ ಸರ್ಕಾರದ ನಿಯಮಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಬಂದ ನಿಯಮ ಅದನ್ನು ಮೂರಕ್ಕೆ ಇಳಿಸಿತು. ರಾಜ್ಯ ಆಯೋಗಗಳ ಆಯುಕ್ತರಿಗೂ ಇದೇ ಅನ್ವಯ. ಸರ್ಕಾರಕ್ಕೆ ಇರಿಸುಮುರಿಸಾಗುವ ಆದೇಶ ಬರೆಯಬೇಕಾದವರ ಅವಧಿಯನ್ನೂ ಸಂಬಳವನ್ನೂ ಸರ್ಕಾರವೇ ಗೊತ್ತುಪಡಿಸುವ ಏರ್ಪಾಡಿನಿಂದ ಯಾರಿಗೆ ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿದ್ದೇನೆ. ಊರಿನ ನಮ್ಮ ಜಮೀನಿನ ಪಕ್ಕದ ಕೆರೆಯ ಒತ್ತುವರಿ ತೆರವಿನ ಬಗ್ಗೆ ಅಲ್ಲಿಂದಲೇ ಮಾಹಿತಿ ಕೇಳಬಹುದೇ?
— ಓದುಗರು, ಟೆಕ್ಸಾಸ್

ಉತ್ತರ: ನಿಮ್ಮ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಕೇಳಬಹುದು, ಕಲಂ 3 ಈ ಹಕ್ಕನ್ನು ಎಲ್ಲ ನಾಗರಿಕರಿಗೆ ಕೊಟ್ಟಿದೆ, ವಾಸಸ್ಥಳದ ಷರತ್ತು ಹಾಕಿಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಹೊಂದಿದ್ದರೆ ನೀವು ಈ ಕಾಯ್ದೆಯ ಅರ್ಥದಲ್ಲಿ ನಾಗರಿಕರಲ್ಲ. ಆಗ ಊರಿನಲ್ಲಿರುವ ಅಣ್ಣನೋ ಅತ್ತಿಗೆಯೋ ನೆರೆಯವರೋ ತಮ್ಮದೇ ಹೆಸರಿನಲ್ಲಿ ಕೇಳಲಿ. ಕೆರೆಗೂ ತಮಗೂ ಏನು ಸಂಬಂಧವೆಂದು ಅವರು ವಿವರಿಸಬೇಕಾಗಿಲ್ಲ. ರಾಜ್ಯ ಸರ್ಕಾರದ ಮಾಹಿತಿ ಹಕ್ಕು ಆನ್‌ಲೈನ್ ಜಾಲತಾಣದ ಮೂಲಕವೂ ಅರ್ಜಿ ಸಲ್ಲಿಸಬಹುದು, ಆದರೆ ನಿಮಗೆ ಬೇಕಾದ ಕಚೇರಿ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅಂಚೆ ಇಲಾಖೆಯ ಇ-ಪೋಸ್ಟಲ್ ಆರ್ಡರ್ ಸೌಲಭ್ಯ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ; ತಹಶೀಲ್ದಾರರ ಕಚೇರಿಗೆ ಅದನ್ನು ಕಳುಹಿಸಿದರೆ ಅರ್ಜಿ ಶುಲ್ಕವಿಲ್ಲವೆಂದು ಹಿಂದಿರುಗುತ್ತದೆ. ಕೇಳುವಾಗ ಕೆರೆಯ ಸರ್ವೆ ನಂಬರನ್ನು ತಪ್ಪದೆ ನಮೂದಿಸಿ, ಸರ್ವೆ ನಕ್ಷೆ, ಒತ್ತುವರಿದಾರರಿಗೆ ನೀಡಿದ ನೋಟಿಸು ಹಾಗೂ ತೆರವಿನ ಮಹಜರಿನ ನಕಲು ಕೇಳಿ.